ನಿಮಗಿದು ಗೊತ್ತೆ? ಟಾನ್ಸಿಲ್ ಊದಿಸುವುದು ಮಳೆಯಲ್ಲ!
ಜೂನ್‌ನಲ್ಲಿ ಮಳೆ ಹಿಡಿದರೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಗಂಟಲು ನೋವು. ಬೈಗುಳ ಬೀಳುವುದು ಮಳೆಯಲ್ಲಿ ನೆನೆದದ್ದಕ್ಕೆ, ಐಸ್‌ಕ್ಯಾಂಡಿ ತಿಂದದ್ದಕ್ಕೆ. ಆದರೆ ಟಾನ್ಸಿಲ್ ಊದಿಸುವುದು ತಂಪಲ್ಲ, ಸೋಂಕು. ಹೆಚ್ಚಿನ ಸಲ ಅಡಿನೋದಂಥ ವೈರಸ್‌ಗಳೇ ಕಾರಣ. ಅವಕ್ಕೆ ಆ್ಯಂಟಿಬಯಾಟಿಕ್ ನಾಟದು. ಕೆಲವೊಮ್ಮೆ ಮಾತ್ರ ‘ಗ್ರೂಪ್ ಎ ಸ್ಟ್ರೆಪ್ಟೊಕಾಕಸ್’ ಬ್ಯಾಕ್ಟೀರಿಯಾ. ಅದು 5ರಿಂದ 15 ವರ್ಷದವರಲ್ಲಿ ಹೆಚ್ಚು. ಎರಚಲಿಗೆ ಕಿಟಕಿ ಮುಚ್ಚಿದ ತರಗತಿ, ಟಾರ್ಪಾಲು ಇಳಿಬಿಟ್ಟ ಜೀಪು, ಒಂದೇ ಬಾಟಲಿಗೆ ನಾಲ್ಕು ಬಾಯಿ: ಹರಡಲು ಇಷ್ಟು ಸಾಕು. ಈ ಬ್ಯಾಕ್ಟೀರಿಯಾ ಸೋಂಕಿಗೆ ಚಿಕಿತ್ಸೆ ಕೊಡಿಸದಿದ್ದರೆ ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟವೇ ಕೆಡಬಹುದು. ಕೆಮ್ಮು, ನೆಗಡಿ ಇಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ಕುತ್ತಿಗೆಯಲ್ಲಿ ನೋಯುವ ಗಂಟು ಕಂಡರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.