ಗಂಡಿಪೇಟೆಯ ದಡದ ಏಡಿಗಳು

ದಡದ ಏಡಿ ಎಂದೊಡನೆ ಕನ್ನಡಿಗನ ಕಣ್ಣ ಮುಂದೆ ಸುಳಿಯುವುದು ಕಾರವಾರದಿಂದ ಕುಂಬಳೆಯವರೆಗಿನ ಕಡಲಕರೆಯೇ. ತೆರೆ ಹಿಂಜರಿದೊಡನೆ ಮರಳ ಮೇಲೆ ಅಡ್ಡಡ್ಡವಾಗಿ ಧಾವಿಸಿ ಕ್ಷಣಾರ್ಧದಲ್ಲಿ ಬಿಲದೊಳಗೆ ಅಂತರ್ಧಾನವಾಗುವ ಆ ಚಪಲ ಜೀವಿಯನ್ನು ನೋಡದ ಬಾಲ್ಯ ಕರಾವಳಿಯಲ್ಲಿಲ್ಲ. ಆದರೆ ಕಡಲಿನಿಂದ ಸುಮಾರು 300 ಕಿಲೋಮೀಟರ್ ಒಳಗೆ, ಕಗ್ಗಲ್ಲಿನ ಪ್ರಸ್ಥಭೂಮಿಯ ಮೇಲೆ ನೆಲೆಸಿರುವ ಹೈದರಾಬಾದಿನಲ್ಲಿಯೂ ದಡವುಂಟು, ದಡದ ಏಡಿಯೂ ಉಂಟು ಎಂಬುದನ್ನು ನಾನು ತಿಳಿದದ್ದು ಒಂದು ವೈಶಾಖದ ಸಂಜೆ, ಗಂಡಿಪೇಟೆಯ ಕೆರೆಯಂಗಳದಲ್ಲಿ.

ನಗರದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಈ ಜಲಾಶಯದ ಹೆಸರು ಉಸ್ಮಾನ್ ಸಾಗರ. ಜನರ ಬಾಯಲ್ಲಿ ಅದು ಇಂದಿಗೂ ಗಂಡಿಪೇಟೆಯೇ. 1908ರ ಸೆಪ್ಟೆಂಬರ್ 28ರಂದು ಅನಂತಗಿರಿಯ ಗುಡ್ಡಗಳಿಂದ ಇಳಿದು ಬಂದ ಮೂಸಿಯು ಹುಚ್ಚೆದ್ದು ಹರಿದು ಸಹಸ್ರಾರು ಪ್ರಾಣಗಳನ್ನು ಕೊಚ್ಚಿಕೊಂಡು ಹೋದಾಗ, ನಿಜಾಮರ ಸರ್ಕಾರವು ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಇಲ್ಲಿಗೆ ಬಂದು, ನದಿಯ ಜಲಾನಯನವನ್ನು ಅಳೆದು ನೋಡಿ, ಪ್ರವಾಹವನ್ನು ನಗರದ ಮೇಲ್ಭಾಗದಲ್ಲಿಯೇ ತಡೆಹಿಡಿಯಬೇಕೆಂದು ಕೊಟ್ಟ ಸಲಹೆಯ ಫಲವಾಗಿ ಮೂಸಿಗೆ ಅಡ್ಡಲಾಗಿ ಈ ಜಲಾಶಯ 1920ರಲ್ಲಿಯೂ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದವು.

ಸಮುದ್ರತೀರದಲ್ಲಿ ದಿನಕ್ಕೆರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಗಂಡಿಪೇಟೆಯಲ್ಲಿ ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ಮುಂಗಾರು ಕೈಗೂಡಿದ ವರ್ಷ ನೀರು 1790 ಅಡಿಯ ಪೂರ್ಣಮಟ್ಟಕ್ಕೇರಿ ಬಂಡೆಗಳ ಕಾಲನ್ನು ತೊಳೆಯುತ್ತದೆ. ಬೇಸಗೆಯಲ್ಲಿ ಕುಗ್ಗುತ್ತ ಕುಗ್ಗುತ್ತ ಹೋಗಿ ಬಿರುಕುಬಿಟ್ಟ ಮಣ್ಣಿನ ವಿಶಾಲವಾದ ಬಯಲನ್ನು ಹೊರಗೆಡಹುತ್ತದೆ. ಹೀಗೆ ಮುಳುಗುತ್ತ ಏಳುತ್ತ ಇರುವ, ನೀರೂ ಅಲ್ಲದ ನೆಲವೂ ಅಲ್ಲದ ಈ ಪಟ್ಟಿಯೇ ಏಡಿಯ ರಾಜ್ಯ. ಮಣ್ಣು ಒಣಗಿದಂತೆಲ್ಲ ಅದು ತೇವವನ್ನು ಅರಸಿ ಬಿಲವನ್ನು ಆಳಕ್ಕೆ ತೋಡುತ್ತ ಸಾಗುತ್ತದೆ. ಕಡೆಗೆ ಬಾಯಿಗೆ ಮಣ್ಣಿನ ಉಂಡೆಯನ್ನೊತ್ತಿ, ಕಿವಿರುಗಳ ಪಸೆಯನ್ನು ಕಾಪಾಡಿಕೊಂಡು, ಗ್ರೀಷ್ಮವನ್ನು ನಿಶ್ಚಲವಾಗಿ ಕಳೆಯುತ್ತದೆ. ಅಂದು ಸಂಜೆ ನಾನು ಕಂಡದ್ದು ಏಡಿಯನ್ನಲ್ಲ, ಇಂತಹ ಬಿಲಗಳ ಸಾಲನ್ನು. ಜೊತೆಗಿದ್ದ ಬೆಸ್ತರ ಮುದುಕ ಬಿಲದೊಳಗಿನ ಜೀವಿಯನ್ನು ‘ಎಂಡ್ರಕಾಯ’ ಎಂದ. ಬಲೆ ಹೊತ್ತಿದ್ದ ಹುಡುಗ ‘ಕೇಕಡಾ’ ಎಂದ. ನಾನು ಮನಸ್ಸಿನಲ್ಲಿ ನಮ್ಮ ಊರಿನ ‘ನಳ್ಳಿ’ಯನ್ನು ನೆನೆದೆ.

ಶಾಸ್ತ್ರಜ್ಞರ ಹೆಸರುಗಳು ಇವಕ್ಕಿಂತ ದೀರ್ಘ. ಸೀಗಡಿಯಂತೆ ಏಡಿಯೂ ಹತ್ತು ಕಾಲಿನ ಕಠಿಣಚರ್ಮಿ; ಆದರೆ ಸೀಗಡಿಯ ನೀಳವಾದ ಬಾಲ ಏಡಿಯಲ್ಲಿ ಕುಗ್ಗಿ ಎದೆಯಡಿಗೆ ಮಡಚಿಕೊಂಡಿರುವುದರಿಂದ ಈ ಗಣವನ್ನು ಹ್ರಸ್ವಪುಚ್ಛಗಳೆಂದು ಕರೆಯಬಹುದು. ಆ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಇಷ್ಟನ್ನು ಬೆಸ್ತರ ಮಕ್ಕಳೂ ಬಲ್ಲರು. ಜಗತ್ತಿನ ಸುಮಾರು 7000 ಬಗೆಯ ಏಡಿಗಳಲ್ಲಿ 1300ಕ್ಕೂ ಮಿಕ್ಕವು ಸಿಹಿನೀರಿನವು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಮುಂದಿಟ್ಟುಕೊಂಡು 1910ರಲ್ಲಿ ಭಾರತದ ಸಿಹಿನೀರಿನ ಏಡಿಗಳ ಸೂಚಿಯನ್ನು ಹೊರತಂದ ಆಲ್ಕಾಕ್ ಅವರು, ದವಡೆಗೆ ಅಂಟಿದ ಪುಟ್ಟ ಸ್ಪರ್ಶಾಂಗದ ತುದಿ ಒಂದೇ ಎಸಳಾಗಿದೆಯೆ ಅಥವಾ ಎರಡಾಗಿ ಸೀಳಿದೆಯೆ ಎಂಬುದನ್ನು ಹಿಡಿದು ಅವನ್ನು ಎರಡು ಕವಲುಗಳಾಗಿ ಬೇರ್ಪಡಿಸಿದರು. ಎರಡೆಸಳಿನ ಆ ಕವಲೇ ಇಂದು ಜಿಕಾರ್ಸಿನ್ಯೂಸಿಡೀ ಎಂಬ ಕುಟುಂಬವಾಗಿದೆ, ದಕ್ಷಿಣಾಪಥದ ಏಡಿಗಳು ಇದರವು. ಬಣ್ಣವನ್ನಾಗಲಿ ಗಾತ್ರವನ್ನಾಗಲಿ ನೆಚ್ಚದೆ, ಗಂಡಿನ ಉದರದಡಿಯ ಮೊದಲ ಜೊತೆ ಉಪಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪ್ರಭೇದವನ್ನು ನಿರ್ಣಯಿಸುವುದು ಈಗಿನ ಪದ್ಧತಿ.

ದಖ್ಖನಿನ ಕೆರೆ ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವವು ಎರಡು. ಕರ್ನಲ್ ಸೈಕ್ಸ್ ಈ ಪ್ರಸ್ಥಭೂಮಿಯಲ್ಲಿ ಸಂಗ್ರಹಿಸಿದ ಏಡಿಯನ್ನು 1836ರಲ್ಲಿ ವೆಸ್ಟ್‌ವುಡ್ ವರ್ಣಿಸಿದರು. ಅದೇ ಬ್ಯಾರಿಟೆಲ್ಫ್ಯೂಸಾ ಕ್ಯೂನಿಕ್ಯುಲಾರಿಸ್. ಬಿಲ ತೋಡುವ ಅದರ ಸ್ವಭಾವವೇ ಲ್ಯಾಟಿನ್ನಿನಲ್ಲಿ ಅದರ ಹೆಸರಾಯಿತು. ಇನ್ನೊಂದು, ಫ್ಯಾಬ್ರೀಷಿಯಸ್ 1798ರಲ್ಲಿಯೇ ಹೆಸರಿಸಿದ, ಬತ್ತದ ಗದ್ದೆಗಳಲ್ಲಿ ಬದುವನ್ನು ಕೊರೆದು ನೀರು ಸೋರಿಸಿ ರೈತನ ಕೋಪಕ್ಕೆ ಪಾತ್ರವಾಗುವ ಓಜಿಯೋಟೆಲ್ಫ್ಯೂಸಾ ಸೆನೆಕ್ಸ್; ಸೆನೆಕ್ಸ್ ಎಂದರೆ ವೃದ್ಧ.

ಕಡಲ ದಡದ ಏಡಿಗೂ ಇವಕ್ಕೂ ಇರುವ ಅಂತರ ಉಪ್ಪಿನದಷ್ಟೇ ಅಲ್ಲ. ಕಡಲೇಡಿಯ ಮರಿ ತಾಯಿಯನ್ನು ಹೋಲದ ಸೂಕ್ಷ್ಮ ಲಾರ್ವಾ ಆಗಿ ಹುಟ್ಟಿ ವಾರಗಟ್ಟಲೆ ಪ್ರವಾಹದಲ್ಲಿ ತೇಲುತ್ತದೆ. ಆದುದರಿಂದಲೇ ಕೊಂಬಿನ ಕಣ್ಣಿನ ಒಂದೇ ಬಗೆಯ ಮರಳೇಡಿ ಆಫ್ರಿಕದ ಪೂರ್ವತೀರದಿಂದ ಹವಾಯಿಯವರೆಗೂ ಹಬ್ಬಿದೆ. ಸಿಹಿನೀರಿನ ಏಡಿಗೆ ಈ ತೇಲುವ ಬಾಲ್ಯವಿಲ್ಲ. ತಾಯಿಯು ದಪ್ಪನೆಯ ಕೆಲವು ನೂರು ಮೊಟ್ಟೆಗಳನ್ನು ಉದರದ ಮಡಿಕೆಯಲ್ಲಿ ಹೊತ್ತು, ಅವು ಒಡೆದು ಪುಟ್ಟ ಏಡಿಗಳೇ ಹೊರಬಂದ ಮೇಲೂ ಕೆಲವು ಕಾಲ ಅವನ್ನು ಅಲ್ಲಿಯೇ ಕಾಯುತ್ತದೆ. ಮೂಸಿಯು ಕೃಷ್ಣೆಯನ್ನು ಕೂಡಿ ಹಂಸಲದೀವಿಯ ಬಳಿ ಕಡಲನ್ನು ಸೇರುತ್ತದೆಯಾದರೂ, ಗಂಡಿಪೇಟೆಯ ಏಡಿಗೆ ಆ ಯಾತ್ರೆಯ ಅಗತ್ಯವೇ ಇಲ್ಲ. ಹುಟ್ಟಿದ ದಡದ ಸಮೀಪದಲ್ಲಿಯೇ ಅದರ ವಂಶ ಬೆಳೆಯಬೇಕು. ಪಶ್ಚಿಮಘಟ್ಟದಲ್ಲಿ ಒಂದೊಂದು ಕಣಿವೆಗೆ ಒಂದೊಂದು ಬಗೆಯ ಏಡಿಯಿರುವುದರ ಗುಟ್ಟೂ ಇದೇ.

ಹಾಗಾಗಿ ದಡ ಹೋದರೆ ಏಡಿಗೆ ಮತ್ತೊಂದು ದಡವಿಲ್ಲ. 1562ರ ಸುಮಾರಿಗೆ ಕಟ್ಟಿದ, ಇದೇ ನಗರದ ಹುಸೇನ್ ಸಾಗರವನ್ನು ಇಂದು ಕಲ್ಲುಗೋಡೆಯೂ ಹೆದ್ದಾರಿಯೂ ಬಳಸಿ ನಿಂತಿವೆ. ಅಲ್ಲಿ ಬಿಲ ತೋಡಲು ಮಣ್ಣೆಲ್ಲಿ? ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೆಂಬ ಅವಳಿ ಜಲಾಶಯಗಳ ಸುತ್ತ 10 ಕಿಲೋಮೀಟರ್ ಪ್ರದೇಶದಲ್ಲಿ ಕಟ್ಟಡಗಳನ್ನು ನಿಯಂತ್ರಿಸಿದ 1996ರ 111ನೆಯ ಸರ್ಕಾರಿ ಆಜ್ಞೆ ಕುಡಿಯುವ ನೀರಿಗಾಗಿ ಹೊರಟದ್ದಾದರೂ, ಈ ಮಣ್ಣಿನ ಅಂಚಿಗೂ ಅದೇ ಆಸರೆಯಾಗಿತ್ತು. 2022ರಲ್ಲಿ ಅದು ಸಡಿಲಗೊಂಡದ್ದು ನನಗೆ ಅತ್ಯಂತ ವ್ಯಥೆಯ ಸಂಗತಿ. ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಸಿಹಿನೀರ ಜೀವಶಾಸ್ತ್ರ ಕೇಂದ್ರ ಇದೇ ನಗರದ ಅತ್ತಾಪುರದಲ್ಲಿದೆ; ನಗರದ ಮಕ್ಕಳು ಮೃಗಾಲಯಕ್ಕೆ ಹೋಗುವಂತೆ ಒಮ್ಮೆ ಈ ಕೆರೆಯಂಗಳಕ್ಕೂ ಬಂದು, ಆ ವಿದ್ವಾಂಸರ ಬಾಯಿಂದ ಇಲ್ಲಿನ ಜೀವಗಳ ವಿಷಯ ಕೇಳುವಂತಾಗಬೇಕು.

ಆಷಾಢದಲ್ಲಿ ಮತ್ತೆ ಹೋದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಬಿಲಗಳ ಬಾಯಿಯ ಮಣ್ಣಿನ ಉಂಡೆಗಳು ಒಡೆದಿದ್ದವು. ಕಂದುಬಣ್ಣದ ಒಂದು ಏಡಿ ಹೆಬ್ಬಾಗಿಲಿನಲ್ಲಿ ನಿಂತಂತೆ ಕೊಂಡಿಗಳನ್ನೆತ್ತಿ ನಿಂತು, ನನ್ನ ನೆರಳು ಬೀಳುತ್ತಲೇ ಹಿಂದೆ ಸರಿಯಿತು.