ಕೊರಳ ಗಂಟಿಗೆ ಎರಡು ಸ್ಕ್ಯಾನ್

ದಢೇಸುಗೂರಿನಲ್ಲಿ ಯಾರಿಗಾದರೂ ಕೊರಳಲ್ಲಿ ಗಂಟು ಕಂಡರೆ ಹಾದಿ ಎರಡು. ತುಂಗಭದ್ರೆಯ ಸೇತುವೆ ದಾಟಿ ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗಬೇಕು. ಇಲ್ಲವೇ ಭತ್ತದ ಗದ್ದೆಗಳ ನಡುವಿನ ರಸ್ತೆ ಹಿಡಿದು ಸಿಂಧನೂರಿಗೆ, ಅಗತ್ಯಬಿದ್ದರೆ ರಾಯಚೂರಿನ ರಿಮ್ಸ್‌ಗೆ. ಡಾಕ್ಟರು ಚೀಟಿಯಲ್ಲಿ ‘ಥೈರಾಯ್ಡ್ ಸ್ಕ್ಯಾನ್’ ಎಂದು ಬರೆದರೆ ಹುಟ್ಟುವ ಅಂಜಿಕೆ ಮಾತ್ರ ಒಂದೇ: ‘ಸ್ಕ್ಯಾನ್ ಮಾಡಿಸಿದ್ರ ಕ್ಯಾನ್ಸರ್ ಬರ್ತೈತಂತಲ್ರೀ, ಖರೇ ಏನು?’

ಉತ್ತರ ಹೇಳುವ ಮುನ್ನ ಯಾವ ಸ್ಕ್ಯಾನ್ ಎಂದು ಕೇಳಬೇಕು. ಒಂದೇ ಹೆಸರಿನಲ್ಲಿ ಎರಡು ಪರೀಕ್ಷೆಗಳಿವೆ.

ಹಳೆಯದು ಹುಟ್ಟಿದ್ದು ಒಂದು ಪ್ರಶ್ನೆಯಿಂದ. 1936ರ ನವೆಂಬರ್ 12ರಂದು ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಉಪನ್ಯಾಸ ಮುಗಿಸಿದಾಗ ವೈದ್ಯ ಸಾಲ್ ಹರ್ಟ್ಜ್ ಎದ್ದು, ಅಯೋಡಿನ್ನನ್ನು ವಿಕಿರಣಶೀಲ ಮಾಡಬಹುದೇ ಎಂದು ಕೇಳಿದರು. ನಾವು ತಿಂದ ಅಯೋಡಿನ್ನನ್ನು ರಕ್ತದಿಂದ ಹೆಕ್ಕಿ ಕೂಡಿಡುವುದು ಥೈರಾಯ್ಡ್ ಗ್ರಂಥಿ. ಅಯೋಡಿನ್ನಿಗೆ ಗುರುತು ಹಚ್ಚಿ ಕಳಿಸಿದರೆ ಗ್ರಂಥಿಯ ದುಡಿಮೆ ಹೊರಗಿನಿಂದಲೇ ತಿಳಿಯುತ್ತದಲ್ಲ! ಮೊದಲು ಮೊಲಗಳ ಮೇಲೆ ಪ್ರಯೋಗವಾಯಿತು. ಆಗ ಬಳಸಿದ ಅಯೋಡಿನ್-128 ಕೇವಲ 25 ನಿಮಿಷದಲ್ಲಿ ಅರ್ಧಕ್ಕಿಳಿಯುತ್ತಿತ್ತು. ವಾರವಾದರೂ ಬಾಳುವಂಥದ್ದು ಬೇಕೆಂದು ಜೋಸೆಫ್ ಹ್ಯಾಮಿಲ್ಟನ್ ಎಂಬ ವೈದ್ಯರು ಕೇಳಿದ್ದಕ್ಕೆ, ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ 1938ರಲ್ಲಿ ಎಂಟು ದಿನಕ್ಕೆ ಅರ್ಧವಾಗುವ ಅಯೋಡಿನ್-131 ಕಂಡುಹಿಡಿದರು. ಮುಂದೆ ಸೀಬೋರ್ಗ್ ಅವರ ತಾಯಿಯೇ ಅದರಿಂದ ಚಿಕಿತ್ಸೆ ಪಡೆದರು.

1950ರ ದಶಕದ ಆರಂಭದಲ್ಲಿ ಬೆನೆಡಿಕ್ಟ್ ಕ್ಯಾಸನ್ ಅವರ ಯಂತ್ರ ಬಂತು. ಕೊರಳ ಮೇಲೆ ಅತ್ತಿಂದಿತ್ತ ಸಾಗುತ್ತ ಅದು ಕಾಗದದ ಮೇಲೆ ಚುಕ್ಕಿ ಒತ್ತುತ್ತಿತ್ತು. ಚುಕ್ಕಿ ದಟ್ಟವಾದಲ್ಲಿ ಗ್ರಂಥಿ ಚುರುಕು, ವಿರಳವಾದಲ್ಲಿ ಮಂದ. ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಆರು ತಾಸಿಗೆ ಅರ್ಧವಾಗುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷವಿಡೀ ತಾಗುವ ವಿಕಿರಣ ಎಷ್ಟೋ, ಈ ಸ್ಕ್ಯಾನಿನಿಂದ ತಾಗುವುದೂ ಹೆಚ್ಚುಕಡಿಮೆ ಅಷ್ಟೇ. ಗರ್ಭಿಣಿಯರಿಗೆ ಇದನ್ನು ಮಾಡುವುದಿಲ್ಲ. ಹಾಲುಣಿಸುವ ತಾಯಂದಿರು ಮೊದಲೇ ಹೇಳಬೇಕು.

ಜನರ ಅಂಜಿಕೆಗೆ ಬುಡವೇ ಇಲ್ಲವೆಂದಲ್ಲ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಅದೇ ಅಯೋಡಿನ್-131 ಹುಲ್ಲಿಗೆ ಬಿದ್ದು, ಹಾಲಿನಲ್ಲಿ ಸೇರಿ, ಎಳೆಯ ಮಕ್ಕಳ ಕೊರಳು ಮುಟ್ಟಿತು. ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆದರೆ ಅಳತೆ ಮಾಡಿ ಕೊಡುವ ಟೆಕ್ನೀಷಿಯಂ ಬೇರೆ, ಸ್ಥಾವರದಿಂದ ಚೆಲ್ಲಿದ ಅಯೋಡಿನ್ ಬೇರೆ.

ಸಿಂಧನೂರಿನಂಥ ಊರಲ್ಲಿ ಸಾಮಾನ್ಯವಾಗಿ ಸಿಗುವುದು ಎರಡನೆಯ ಬಗೆ, ಅಲ್ಟ್ರಾಸೌಂಡ್. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಗೋಡೆಗಿರುವ ಅದೇ ಕೋಣೆ. ಹೆಗಲ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ಬಾಗಿಸಿ, ತಣ್ಣನೆಯ ಜೆಲ್ ಸವರಿ ಕೊರಳ ಮೇಲೆ ಪ್ರೋಬ್ ಆಡಿಸುತ್ತಾರೆ. ಇಲ್ಲಿರುವುದು ಬರೀ ಶಬ್ದದ ಅಲೆ, ವಿಕಿರಣ ಇಲ್ಲವೇ ಇಲ್ಲ. ಗರ್ಭಿಣಿಗೂ ಮಾಡಬಹುದು.

ಆದರೂ ನನಗೆ ಹೆಚ್ಚು ಚಿಂತೆ ಈ ನಿರಪಾಯದ ಸ್ಕ್ಯಾನಿನದೇ. ಕೈಗೆ ಸಿಗದ, ಎಂದೂ ತೊಂದರೆ ಕೊಡದ ನಾಲ್ಕೈದು ಮಿಲಿಮೀಟರಿನ ಗಂಟುಗಳನ್ನೂ ಅದು ತೋರಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ 1999ರ ಬಳಿಕ ಆರೋಗ್ಯವಂತರೂ ಕೊರಳ ಸ್ಕ್ಯಾನ್ ಮಾಡಿಸತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ ಹದಿನೈದು ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಷ್ಟೋ ಮಂದಿ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಗುಳಿಗೆಗೆ ಬಿದ್ದರು.

ಆದ್ದರಿಂದ ಮೊದಲು ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ರಕ್ತಪರೀಕ್ಷೆ, ವೈದ್ಯರ ಕೈ ತಪಾಸಣೆ. ಗಂಟಿಲ್ಲದೆ ಬರೀ ಟಿಎಸ್‌ಎಚ್ ಏರಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಿಲ್ಲ. ಗಂಟಿದ್ದರೆ ಅಲ್ಟ್ರಾಸೌಂಡ್, ಅನುಮಾನ ಬಂದರೆ ಸೂಜಿ ಪರೀಕ್ಷೆ. ಟಿಎಸ್‌ಎಚ್ ತೀರ ಇಳಿದಿದ್ದರೆ ಟೆಕ್ನೀಷಿಯಂ ಸ್ಕ್ಯಾನ್. ಗಂಟು ಬೇಗ ಬೆಳೆದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ ಸುಗ್ಗಿ ಮುಗಿಯಲಿ ಎಂದು ಕಾಯಬಾರದು.

ಹಸುಗೂಸಿನ ವಿಷಯದಲ್ಲಂತೂ ಈ ಕ್ರಮ ತಪ್ಪಲೇಬಾರದು. ಭಾರತದಲ್ಲಿ ಸರಿಸುಮಾರು ಸಾವಿರಕ್ಕೊಂದು ಮಗು ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟುತ್ತದೆ. ಗ್ರಂಥಿ ಇಲ್ಲವೇ ಇಲ್ಲವೋ, ನಾಲಿಗೆಯ ಬುಡದಲ್ಲೇ ಉಳಿದುಬಿಟ್ಟಿದೆಯೋ ಎಂದು ಸ್ಕ್ಯಾನ್ ತೋರಿಸಬಲ್ಲದು. ಅದಕ್ಕಾಗಿ ಔಷಧ ತಡೆಯುವಂತಿಲ್ಲ, ಎರಡು ವಾರದೊಳಗೆ ಗುಳಿಗೆ ಶುರುವಾಗದಿದ್ದರೆ ಮಗುವಿನ ಬುದ್ಧಿ ಬೆಳವಣಿಗೆಗೆ ಪೆಟ್ಟು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹೆರಿಗೆ ವಾರ್ಡಿನಿಂದ ಬಾಣಂತಿಯನ್ನು ಮನೆಗೆ ಕರೆದೊಯ್ಯುವ ಮುನ್ನ ಮನೆಯವರು ಕೇಳಬೇಕಾದ್ದು ಇಷ್ಟು: ‘ಸಿಸ್ಟರ್, ಕೂಸಿನ ಹಿಮ್ಮಡಿ ರಕ್ತ ತಗದು ಟಿಎಸ್‌ಎಚ್ ನೋಡೀರೇನ್ರೀ?’