ಚಿತ್ರ ತೆಗೆದವರೊಬ್ಬರು, ನೋಡುವವರು ಸಾವಿರಾರು

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ಸಂಜೆಯ ಹೊತ್ತಿಗೆ ಒಂದು ಸ್ವಾರಸ್ಯದ ನೋಟ ಕಾಣಸಿಗುತ್ತದೆ. ಸೂರ್ಯನು ನೀರಿನತ್ತ ಇಳಿಯತೊಡಗಿದನೆಂದರೆ, ಶೇಂಗಾ ಮೆಲ್ಲುತ್ತ ಕುಳಿತವರು, ಮಕ್ಕಳ ಕೈಹಿಡಿದು ಅಡ್ಡಾಡುತ್ತಿದ್ದವರು, ಕಾಲೇಜಿನ ತರುಣ ತರುಣಿಯರು ಎಲ್ಲರೂ ಒಮ್ಮೆಲೇ ಕೈಯೆತ್ತುತ್ತಾರೆ. ಪ್ರತಿಯೊಂದು ಕೈಯಲ್ಲಿಯೂ ಒಂದು ಮೊಬೈಲು. ಕೆರೆಯ ನಡುವಿನ ವಿವೇಕಾನಂದರ ಮೂರ್ತಿ ಕಪ್ಪು ಆಕೃತಿಯಾಗಿ ಮಾರ್ಪಡುವ ಆ ಕೆಲವು ನಿಮಿಷಗಳಲ್ಲಿ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಸೂರ್ಯನು ಪೂರ್ತಿ ಮುಳುಗುವುದರೊಳಗಾಗಿಯೇ ಅವುಗಳಲ್ಲಿ ಕೆಲವು ಧಾರವಾಡದ ಸೋದರತ್ತೆಯನ್ನೂ, ಪುಣೆಯ ಗೆಳೆಯನನ್ನೂ, ಅಮೆರಿಕೆಯಲ್ಲಿರುವ ಮಗನನ್ನೂ ತಲುಪಿಬಿಟ್ಟಿರುತ್ತವೆ.

ಚಿತ್ರ ತೆಗೆಯುವುದು ಒಂದು ಕೆಲಸ. ಅದನ್ನು ಇತರರಿಗೆ ತೋರಿಸುವುದು ಇನ್ನೊಂದು ಕೆಲಸ. ಇವೆರಡರ ನಡುವೆ ಹಿಂದೆ ದಿನಗಳ, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಂತರವಿರುತ್ತಿದ್ದಿತು. ಈಗ ಆ ಅಂತರವು ಬೆರಳಿನ ಒಂದು ಸ್ಪರ್ಶದಷ್ಟಾಗಿದೆ. ಈ ಮಾರ್ಪಾಟಿನಿಂದ ಛಾಯಾಚಿತ್ರಕಲೆಗೆ ಬಂದ ಲಾಭವೆಷ್ಟು, ಆದ ನಷ್ಟವೆಷ್ಟು ಎಂಬುದನ್ನು ವಿಚಾರಿಸುವ ಕಾಲ ಈಗ ಒದಗಿದೆ.

ಲಂಡನ್ನಿಗೆ ಹೋದ ಧಾರವಾಡ

ಧಾರವಾಡ ಸೀಮೆಯ ಛಾಯಾಚಿತ್ರಗಳು ಹೊರಜಗತ್ತಿಗೆ ಪರಿಚಿತವಾದ ಕಥೆ ಬಹಳ ಹಳೆಯದು. 1855ರಲ್ಲಿ ಮುಂಬಯಿ ಸರಕಾರವು ತೋಪುದಳದ ಅಧಿಕಾರಿಯಾಗಿದ್ದ ಥಾಮಸ್ ಬಿಗ್ಸ್ ಅವರನ್ನು ಪ್ರಾಚೀನ ಕಟ್ಟಡಗಳ ಛಾಯಾಚಿತ್ರ ತೆಗೆಯಲೆಂದು ನೇಮಿಸಿತು. ಅವರು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದರು. ಬಿಗ್ಸ್ ಸೈನ್ಯಕ್ಕೆ ಮರಳಿದ ಮೇಲೆ ವಿಲಿಯಂ ಪಿಗೂ ಎಂಬ ವೈದ್ಯರು ಆ ಕಾರ್ಯವನ್ನು ಮುಂದುವರಿಸಿದರು. ಎ.ಸಿ.ಬಿ. ನೀಲ್ ಎಂಬವರೂ ಕೈಗೂಡಿಸಿದರು. ಗದಗ, ಲಕ್ಕುಂಡಿ, ಗಳಗನಾಥದ ಗುಡಿಗಳೂ ಹಳೇಬೀಡಿನ ಶಿಲ್ಪಗಳೂ ಹೀಗೆ ಕಾಗದದ ಮೇಲೆ ಮೂಡಿದುವು.

ಈ ಚಿತ್ರಗಳು ಪುಸ್ತಕರೂಪದಲ್ಲಿ ಲಂಡನ್ನಿನಲ್ಲಿ ಪ್ರಕಟವಾದುದು 1866ರಲ್ಲಿ. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಆ ಗ್ರಂಥಕ್ಕೆ ಸುರಪುರದ ನಂಟಿನ ಮೆಡೋಸ್ ಟೇಲರರು ಇತಿಹಾಸವನ್ನೂ, ಜೇಮ್ಸ್ ಫರ್ಗ್ಯುಸನ್ನರು ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು. ಚಿತ್ರಗಳನ್ನು ಬೇರೆ ಬೇರೆಯಾಗಿ ಅಚ್ಚಿಳಿಸಿ, ಪ್ರತಿಯೊಂದು ಪುಟಕ್ಕೂ ಅಂಟಿಸಬೇಕಾಗಿದ್ದಿತು. ಚಿತ್ರ ತೆಗೆದುದಕ್ಕೂ ವಾಚಕರು ಅದನ್ನು ನೋಡಿದುದಕ್ಕೂ ನಡುವೆ ಸುಮಾರು ಹತ್ತು ವರ್ಷ ಕಳೆದುಹೋಗಿದ್ದಿತು. ಗ್ರಂಥ ಹೊರಬಂದಾಗ ಡಾಕ್ಟರ್ ಪಿಗೂ ಬದುಕಿರಲಿಲ್ಲ. ಅದರ ಮುಖಪುಟವೇ ಅವರನ್ನು ದಿವಂಗತರೆಂದು ಹೆಸರಿಸುತ್ತದೆ. ತಾವು ತೆಗೆದ ಚಿತ್ರಗಳಿಗೆ ಒಂದು ಮೆಚ್ಚುನುಡಿಯನ್ನೂ ಅವರು ಗ್ರಂಥದ ವಾಚಕರಿಂದ ಕೇಳಲಿಲ್ಲ. ಆದರೂ ಆ ಚಿತ್ರಗಳು ಇಂದಿಗೂ ಉಳಿದಿವೆ. ಅಂದಿನ ಗುಡಿಗಳು ಹೇಗಿದ್ದುವೆಂದು ತಿಳಿಯಬೇಕಾದವರು ಅವುಗಳನ್ನೇ ನೋಡುತ್ತಾರೆ.

ಗಾಜಿನ ಕಪಾಟಿನ ಕಾಲ

ಮುಂದೆ ಪಟ್ಟಣಪಟ್ಟಣಗಳಲ್ಲಿಯೂ ಸ್ಟುಡಿಯೋಗಳು ತಲೆಯೆತ್ತಿದುವು. ಒಳಗೆ ಬಣ್ಣದ ಪರದೆ, ಹೊರಗೆ ಗಾಜಿನ ಕಪಾಟು. ಆ ಕಪಾಟಿನಲ್ಲಿ ನವದಂಪತಿಗಳು, ಪದವಿಯ ನಿಲುವಂಗಿ ತೊಟ್ಟ ತರುಣರು, ದಿಂಬಿನ ಮೇಲೆ ಬೋರಲು ಮಲಗಿದ ಕೂಸುಗಳು. ಪೇಟೆಗೆ ಹೋದವರು ಅಲ್ಲಿ ಅರೆಗಳಿಗೆ ನಿಂತು, ‘ಇವರು ಇಂಥವರ ಮಗಳಲ್ಲವೇ?’ ಎಂದು ವಿಚಾರಿಸಿ ಮುಂದೆ ಸಾಗುತ್ತಿದ್ದರು. ಚಿತ್ರಗಾರನ ಕೀರ್ತಿಯೆಲ್ಲ ಆ ಕಪಾಟಿನಲ್ಲಿಯೇ ಅಡಗಿದ್ದಿತು.

ಸ್ವಂತ ಕ್ಯಾಮರಾ ಉಳ್ಳ ಮನೆಗಳಲ್ಲಿ ‘ಆಗ್ಫಾ ಕ್ಲಿಕ್’ ಬಹು ಜನಪ್ರಿಯವಾಗಿದ್ದಿತು. ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳು. ಹನ್ನೆರಡೇ ಇದ್ದುದರಿಂದ ಪ್ರತಿಯೊಂದನ್ನೂ ಯೋಚಿಸಿಯೇ ತೆಗೆಯಬೇಕಾಗುತ್ತಿದ್ದಿತು. ಯುಗಾದಿಗೆ ನಾಲ್ಕು, ಮಗಳ ಸೀಮಂತಕ್ಕೆ ಐದು. ಉಳಿದ ಮೂರನ್ನು ಮುಗಿಸುವವರೆಗೆ ಸುರುಳಿಯು ಕ್ಯಾಮರಾದೊಳಗೇ ತಿಂಗಳುಗಟ್ಟಲೆ ಮಲಗಿರುತ್ತಿದ್ದಿತು. ತೊಳೆಸಿ ತಂದ ಚಿತ್ರಗಳನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುವುದೇ ಒಂದು ಸಣ್ಣ ಹಬ್ಬ.

ಕಲಾದೃಷ್ಟಿಯಿಂದ ಚಿತ್ರ ತೆಗೆಯುವವರಿಗೆ ಬೇರೊಂದು ದಾರಿ ಇದ್ದಿತು. 1953ರಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟ ಸ್ಥಾಪಿತವಾಯಿತು. ಬೆಂಗಳೂರಿನ ಡಾಕ್ಟರ್ ಜಿ. ಥಾಮಸ್ ಅದರ ಹಿಂದಿನ ಶಕ್ತಿಯಾಗಿದ್ದರು. 1971ರಲ್ಲಿ ಬೆಂಗಳೂರಿನಲ್ಲಿಯೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇಂತಹ ಸಂಘಗಳ ಸದಸ್ಯರು ಕತ್ತಲೆಕೋಣೆಯಲ್ಲಿ ತಾವೇ ದೊಡ್ಡ ಪ್ರತಿಗಳನ್ನು ಮಾಡಿ, ದಪ್ಪ ರಟ್ಟಿನ ನಡುವೆ ಕಟ್ಟಿ, ದೇಶವಿದೇಶಗಳ ಪ್ರದರ್ಶನಗಳಿಗೆ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಅಲ್ಲಿ ತೀರ್ಪುಗಾರರು ಒಪ್ಪಿದರೆ ಗೋಡೆಯ ಮೇಲೆ ಸ್ಥಾನ. ಒಪ್ಪದಿದ್ದರೆ ಚಿತ್ರವು ತಿಂಗಳುಗಳ ಮೇಲೆ ಮನೆಗೆ ವಾಪಸು. ವೃತ್ತಿನಿರತರಾದ ಸುದ್ದಿಚಿತ್ರಗಾರರ ಮುಂದೆ ಸಂಪಾದಕರಿರುತ್ತಿದ್ದರು. ‘ಕಾಲಕ್ಕೆ ಕನ್ನಡಿ’ ಎಂಬ ಆತ್ಮಕಥೆ ಬರೆದ ಮೈಸೂರಿನ ಟಿ.ಎಸ್. ಸತ್ಯನ್ ಅವರಂತಹ ಶ್ರೇಷ್ಠರ ಚಿತ್ರಗಳೂ ಪತ್ರಿಕೆಗಳ ಪುಟಗಳ ಮೂಲಕವೇ ಜನರನ್ನು ತಲುಪಬೇಕಾಗಿದ್ದಿತು.

ಈ ವ್ಯವಸ್ಥೆಗೆ ಒಂದು ಗುಣವಿದ್ದಿತು, ಒಂದು ದೋಷವೂ ಇದ್ದಿತು. ಚಿತ್ರ ಏಕೆ ಸೋತಿತೆಂದು ಹೇಳಬಲ್ಲ ಅನುಭವಿಗಳು ಅಲ್ಲಿದ್ದುದು ಗುಣ. ಬಾಗಿಲು ಬಹಳ ಕಿರಿದಾಗಿದ್ದುದು ದೋಷ. ನವಲಗುಂದದ ಅಥವಾ ಕಲಘಟಗಿಯ ಬಡ ಹುಡುಗನೊಬ್ಬನಿಗೆ ಕ್ಯಾಮರಾ ಕೊಳ್ಳುವುದೇ ಕನಸಾಗಿದ್ದಾಗ, ಪ್ರದರ್ಶನದ ಗೋಡೆಯ ಮಾತಂತೂ ದೂರವೇ ಉಳಿಯಿತು.

ತೆರೆದ ಬಾಗಿಲು, ಕಾಣದ ತೀರ್ಪುಗಾರ

2010ರ ಅಕ್ಟೋಬರದಲ್ಲಿ ಅಮೆರಿಕೆಯಲ್ಲಿ ಇನ್‌ಸ್ಟಾಗ್ರಾಂ ಆರಂಭವಾಯಿತು. ಮೊದಮೊದಲು ಅದರಲ್ಲಿ ಚೌಕ ಚಿತ್ರಗಳಿಗೆ ಮಾತ್ರವೇ ಅವಕಾಶವಿದ್ದಿತು. ಅಜ್ಜನ ಆಗ್ಫಾ ಕ್ಲಿಕ್ಕಿನ ಆಕಾರವೇ ಮೊಮ್ಮಗನ ಕೈಗೆ ಮರಳಿ ಬಂದಂತಾಯಿತು. 2012ರಲ್ಲಿ ಫೇಸ್‌ಬುಕ್ ಕಂಪನಿಯು ನೂರು ಕೋಟಿ ಡಾಲರುಗಳ ಒಪ್ಪಂದದಿಂದ ಅದನ್ನು ತನ್ನದಾಗಿಸಿಕೊಂಡಿತು.

ಬಾಗಿಲು ತೆರೆದುದರ ಫಲ ಕಣ್ಣಮುಂದಿದೆ. 2020ರ ಜುಲೈ ತಿಂಗಳಲ್ಲಿ ಮಿಥುನ್ ಹುನಗುಂದ ಎಂಬ ಕನ್ನಡಿಗ ಛಾಯಾಗ್ರಾಹಕರು ಕಬಿನಿಯ ಕಾಡಿನಲ್ಲಿ ತೆಗೆದ ಒಂದು ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಪ್ರಕಟಿಸಿದರು. ಮುಂದೆ ಒಂದು ಹೆಣ್ಣು ಚಿರತೆ. ಅದರ ಬೆನ್ನ ಹಿಂದೆ ಅದರದೇ ನೆರಳೋ ಎಂಬಂತೆ ಸಾಯಾ ಎಂಬ ಹೆಸರಿನ ಕರಿಚಿರತೆ. ಆ ಒಂದು ಕ್ಷಣಕ್ಕಾಗಿ ಅವರು ಆರು ದಿನ ಒಂದೇ ಸ್ಥಳದಲ್ಲಿ ಕಾದಿದ್ದರು. ಕೆಲವೇ ದಿನಗಳಲ್ಲಿ ಆ ಚಿತ್ರ ದೇಶದ ಎಲ್ಲೆಯನ್ನು ದಾಟಿತು. ಹಿಂದಿನ ಕಾಲದಲ್ಲಾಗಿದ್ದರೆ ಇಷ್ಟು ಜನರ ಕಣ್ಣಿಗೆ ಅದು ಬೀಳಲು ಎಷ್ಟು ವರ್ಷಗಳು ಬೇಕಾಗುತ್ತಿದ್ದುವೋ! ಆದರೆ ಇಲ್ಲಿ ಒಂದು ಮಾತನ್ನು ಮರೆಯಲಾಗದು. ಹಂಚಿಕೆ ಕ್ಷಣಾರ್ಧದ್ದಾದರೂ ಕಾಯುವಿಕೆ ಹಳೆಯ ಕಾಲದ್ದೇ.

ಹುಬ್ಬಳ್ಳಿ-ಧಾರವಾಡಗಳ ತರುಣರಿಗೂ ಈ ಬಾಗಿಲು ತೆರೆದಿದೆ. ರಂಗಪಂಚಮಿಯ ಬಣ್ಣದ ಓಕುಳಿ, ಸಿದ್ಧಾರೂಢಸ್ವಾಮಿಗಳ ರಥೋತ್ಸವ, ಮನೆಗಳ ಸಾಲಿನ ನಡುವೆ ಅಡಗಿ ಕುಳಿತ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ, ಸಾಧನಕೇರಿಯ ಮಳೆಗಾಲ — ಇವೆಲ್ಲ ಊರವರ ಕಣ್ಣಿನಿಂದಲೇ ಹೊರಜಗತ್ತಿಗೆ ಕಾಣುತ್ತಿವೆ. ಅಂದು ಬಿಗ್ಸ್, ಪಿಗೂ ಮೊದಲಾದವರು ಸರಕಾರದ ಕಣ್ಣಿನಿಂದ ನೋಡಿದ ನಾಡನ್ನು ಇಂದು ನಾಡಿನ ಮಕ್ಕಳೇ ನೋಡಿ ತೋರಿಸುತ್ತಿದ್ದಾರೆ. ಇದು ಸಾಮಾನ್ಯ ಲಾಭವಲ್ಲ.

ಆದರೆ ತೀರ್ಪುಗಾರನು ಇಲ್ಲವಾದನೆಂದು ತಿಳಿದರೆ ಅದು ತಪ್ಪಾದೀತು. 2016ರವರೆಗೆ ಇನ್‌ಸ್ಟಾಗ್ರಾಂ ಚಿತ್ರಗಳನ್ನು ಅವು ಬಂದ ಕಾಲಕ್ರಮದಲ್ಲಿಯೇ ತೋರಿಸುತ್ತಿದ್ದಿತು. ಆ ವರ್ಷ ಕ್ರಮ ಬದಲಾಯಿತು. ಯಾರಿಗೆ ಯಾವ ಚಿತ್ರ ಮೊದಲು ಕಾಣಬೇಕೆಂಬುದನ್ನು ಅಂದಿನಿಂದ ಗಣಕಯಂತ್ರದ ಲೆಕ್ಕಾಚಾರವೇ ನಿರ್ಧರಿಸತೊಡಗಿತು. ಜನರು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ, ಯಾವುದನ್ನು ಇತರರಿಗೆ ಕಳುಹಿಸುತ್ತಾರೆ ಎಂಬುದನ್ನು ಅದು ಎಣಿಸುತ್ತದೆ. ಹಳೆಯ ತೀರ್ಪುಗಾರನು ಚಿತ್ರವನ್ನು ತಿರಸ್ಕರಿಸಿದರೆ ಕಾರಣವನ್ನು ಕೇಳಬಹುದಾಗಿದ್ದಿತು. ಈ ಹೊಸ ತೀರ್ಪುಗಾರನನ್ನು ಕೇಳುವಂತಿಲ್ಲ. 2020ರಲ್ಲಿ ಕಿರುಚಲನಚಿತ್ರಗಳಾದ ರೀಲ್ಸ್ ಬಂದುವು. ಮರುವರ್ಷವೇ, ತಮ್ಮದು ಇನ್ನು ಕೇವಲ ಚಿತ್ರ ಹಂಚುವ ಸಾಧನವಲ್ಲವೆಂದು ಆ ಸಂಸ್ಥೆಯ ಮುಖ್ಯಸ್ಥರೇ ಸಾರಿದರು. ಸ್ಥಿರಚಿತ್ರವನ್ನೇ ನಂಬಿ ಕಲಿತವರು ಚಲನಚಿತ್ರವನ್ನೂ ಕಲಿಯಬೇಕಾಯಿತು.

ಬಯಲುಸೀಮೆಗೆ ನಿಂತ ಚೌಕಟ್ಟು

ಈ ಕಾಣದ ತೀರ್ಪು ಚಿತ್ರದ ಆಕಾರವನ್ನೂ ಬಿಟ್ಟಿಲ್ಲ. ಮೊಬೈಲನ್ನು ಜನ ನಿಲುವಾಗಿ ಹಿಡಿಯುತ್ತಾರೆ. ಆದುದರಿಂದ ನಿಲುವಾದ ಚಿತ್ರವು ಪರದೆಯನ್ನೆಲ್ಲ ತುಂಬುತ್ತದೆ, ಅಡ್ಡ ಚಿತ್ರವು ನಡುವೆ ಕಿರಿದಾಗಿ ತೋರುತ್ತದೆ. 2015ರಲ್ಲಿ ಅಡ್ಡ ಚಿತ್ರಗಳಿಗೆ ಅನುಮತಿ ದೊರೆತರೂ ಅವುಗಳಿಗೆ ಸಿಕ್ಕ ಮನ್ನಣೆ ಅಷ್ಟಕ್ಕಷ್ಟೆ. 2025ರಲ್ಲಿ ಇನ್‌ಸ್ಟಾಗ್ರಾಂ ತನ್ನ ಹಳೆಯ ಚೌಕ ಜೋಡಣೆಯನ್ನೂ ನಿಲುವು ಮಾಡಿತು.

ಧಾರವಾಡದ ನೆಲವಾದರೋ ಅಡ್ಡಲಾಗಿ ಮಲಗಿದ ನೆಲ. ಅಣ್ಣಿಗೇರಿಯತ್ತ ಹೋದರೆ ಎರೆಭೂಮಿ ಕಣ್ಣು ಹಾಯುವವರೆಗೆ ಹಾಸಿಕೊಂಡಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂಬ ಹೆಸರು ಪಡೆದಿದೆ. ಇವುಗಳನ್ನು ನಿಲುವಾದ ಚೌಕಟ್ಟಿನಲ್ಲಿ ಹಿಡಿಯಹೊರಟವನು ಬಯಲನ್ನು ಬಿಟ್ಟು ಒಂದು ಮರವನ್ನೋ, ಪ್ಲಾಟ್‌ಫಾರಮ್ಮನ್ನು ಬಿಟ್ಟು ಫಲಕದ ಕೆಳಗೆ ನಿಂತ ಗೆಳೆಯನನ್ನೋ ತೆಗೆದು ತರುತ್ತಾನೆ. ನೆಲದ ಸ್ವಭಾವವು ಹೀಗೆ ಅರಿಯದಂತೆಯೇ ಚಿತ್ರದಿಂದ ಜಾರಿಹೋಗುತ್ತದೆ. ಬಣ್ಣಗಳ ಗತಿಯೂ ಇದೇ. ಮೆಚ್ಚುಗೆ ಬೇಗ ಬರಲೆಂದು ಸಂಜೆಯ ಕೆಂಪನ್ನು ಇನ್ನಷ್ಟು ಕೆಂಪಾಗಿಸುವ ಚಪಲವನ್ನು ತಡೆಯಬಲ್ಲವರು ವಿರಳ.

ಚಿತ್ರದ ಒಡೆಯರು ಯಾರು?

ಹಂಚಿದ ಚಿತ್ರವು ಕೈಬಿಟ್ಟ ಹಕ್ಕಿಯಂತೆ. ಊರಿನ ಯಾವುದೋ ಪುಟದಲ್ಲಿ, ಯಾವುದೋ ಅಂಗಡಿಯ ಜಾಹೀರಾತಿನಲ್ಲಿ, ತೆಗೆದವರ ಹೆಸರಿಲ್ಲದೆ ಅದು ಕಾಣಿಸಿಕೊಳ್ಳುವುದುಂಟು. ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸಿದ ಮಾತ್ರಕ್ಕೆ ಚಿತ್ರ ಎಲ್ಲರ ಸ್ವತ್ತಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಹಕ್ಕು, ಚಿತ್ರ ತೆಗೆದವರ ಜೀವಿತಕಾಲವಿಡೀ ಇದ್ದು, ಅವರು ತೀರಿಕೊಂಡ ಮರುವರ್ಷದಿಂದ ಅರುವತ್ತು ವರ್ಷಗಳವರೆಗೆ ಇರುತ್ತದೆ. ಜಾಲತಾಣದ ಕಂಪನಿಗೆ ಸಿಗುವುದು ಅದನ್ನು ಬಳಸುವ ಅನುಮತಿ ಮಾತ್ರ. ಆದರೆ ಆ ಅನುಮತಿ ಬಹಳ ವಿಶಾಲವಾದುದು, ಅದಕ್ಕೆ ಕಂಪನಿ ಹಣವನ್ನೇನೂ ಕೊಡಬೇಕಾಗಿಲ್ಲ.

ಮದುವೆಯ ಚಿತ್ರಗಳ ವಿಷಯದಲ್ಲಿ ಇದೇ ಕಾಯಿದೆಯ ಒಂದು ಅಂಶ ಅನೇಕರಿಗೆ ಅಚ್ಚರಿ ತರುತ್ತದೆ. ಹಣ ಕೊಟ್ಟು ತೆಗೆಯಿಸಿಕೊಂಡ ಛಾಯಾಚಿತ್ರದ ಮೊದಲ ಒಡೆಯರು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಯಿಸಿಕೊಂಡವರೇ. ಚಿತ್ರಗಾರನಿಗೆ ಅದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕು ಉಳಿದಿರುತ್ತದೆ. ಹಿಂದೆ ಗಾಜಿನ ಕಪಾಟಿನಲ್ಲಿ ಮಗಳ ಚಿತ್ರವಿಟ್ಟರೆ ತಂದೆ ಬಂದು ಆಕ್ಷೇಪಿಸಬಹುದಾಗಿದ್ದಿತು. ಚಿತ್ರವನ್ನು ಒಳಗೆ ತೆಗೆದಿಟ್ಟರೆ ಜಗಳ ಮುಗಿಯುತ್ತಿದ್ದಿತು. ಇಂದಿನ ಕಪಾಟಿನ ಗಾಜು ಜಗತ್ತಿನಷ್ಟು ಅಗಲವಾಗಿದೆ. ಒಮ್ಮೆ ಹೊರಬಿದ್ದ ಚಿತ್ರವನ್ನು ಪೂರ್ತಿಯಾಗಿ ಒಳಗೆಳೆದುಕೊಳ್ಳುವುದು ಅಸಾಧ್ಯ. ಆದುದರಿಂದ ಮುಂಗಡ ಕೊಡುವ ದಿನವೇ ಯಾವ ಚಿತ್ರಗಳನ್ನು ಪ್ರಕಟಿಸಬಹುದು, ಯಾವುದನ್ನು ಕೂಡದು ಎಂದು ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳುವುದು ಎರಡೂ ಕಡೆಗೆ ಕ್ಷೇಮ. ಚಿಕ್ಕಮಕ್ಕಳ ಚಿತ್ರಗಳನ್ನು ಹಂಚುವಾಗ ಶಾಲೆಯ ಹೆಸರು, ಮನೆಯ ಗುರುತು ಕಾಣದಂತೆ ಎಚ್ಚರವಹಿಸುವುದು ತಂದೆತಾಯಿಗಳ ಕರ್ತವ್ಯ.

ಟ್ರಂಕಿನೊಳಗಿನ ಚಿತ್ರ

ಕೊನೆಯದಾಗಿ, ಉಳಿಕೆಯ ಪ್ರಶ್ನೆ. ಇನ್‌ಸ್ಟಾಗ್ರಾಂ ಚಿತ್ರವನ್ನು ಸಾಮಾನ್ಯವಾಗಿ 1,080 ಬಿಂದುಗಳ ಅಗಲಕ್ಕೆ ಕುಗ್ಗಿಸುತ್ತದೆ. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚಿಳಿಸಿದರೆ ಅದರಿಂದ ದೊರೆಯುವುದು ಮೂರೂವರೆ ಅಂಗುಲಕ್ಕಿಂತ ತುಸುವೇ ಅಗಲವಾದ ಚಿತ್ರ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವೂ ಹೀಗೆಯೇ ಸೊರಗಿರುತ್ತದೆ. ಯಾವಾಗ ತೆಗೆದುದೆಂದು ಅದರೊಳಗೆ ಅಡಗಿರುವ ಮಾಹಿತಿಯೂ ದಾರಿಯಲ್ಲಿ ಉದುರಿಹೋಗುತ್ತದೆ. ಮೂಲಪ್ರತಿಯಿದ್ದ ಮೊಬೈಲು ಕೆಟ್ಟರೆ ಅಥವಾ ಕಳೆದರೆ, ಮನೆತನದ ಪಾಲಿಗೆ ಉಳಿಯುವುದು ಈ ಸೊರಗಿದ ನೆರಳು ಮಾತ್ರ.

ಇದಕ್ಕೆ ಉಪಾಯ ಕಠಿಣವಾದುದೇನೂ ಅಲ್ಲ. ಮೂಲಚಿತ್ರಗಳನ್ನು ಕನಿಷ್ಠ ಎರಡು ಬೇರೆ ಬೇರೆ ಕಡೆ ಕಾಪಿಡಬೇಕು. ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ, ಮನೆಯವರೆಲ್ಲ ಕುಳಿತು ಹನ್ನೆರಡೇ ಹನ್ನೆರಡು ಚಿತ್ರಗಳನ್ನು ಆರಿಸಿ ಅಚ್ಚಿಳಿಸಿದರೆ ಸಾಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆದಿಡಬೇಕು. ಸಾವಿರಾರು ಚಿತ್ರಗಳಲ್ಲಿ ಹನ್ನೆರಡನ್ನು ಆರಿಸುವಾಗ, ಹಿಂದೆ ಸುರುಳಿಯು ಕಲಿಸುತ್ತಿದ್ದ ಪಾಠವನ್ನೇ ಆಯ್ಕೆಯು ಕಲಿಸುತ್ತದೆ.

ಉಣಕಲ್ ಕೆರೆಯ ದಂಡೆಯಲ್ಲಿ ಕತ್ತಲೆಯಾಗುತ್ತಲೇ ಮೊಬೈಲುಗಳು ಜೇಬು ಸೇರುತ್ತವೆ. ಬೆಳಿಗ್ಗೆ ಎದ್ದು ನೋಡಿದಾಗ ಕೆಲವು ಚಿತ್ರಗಳಿಗೆ ಹತ್ತು ಮೆಚ್ಚುಗೆಗಳು, ಕೆಲವಕ್ಕೆ ಸಾವಿರ. ಇನ್ನು ನಲವತ್ತು ವರ್ಷಗಳ ಮೇಲೆ ಟ್ರಂಕಿನ ತಳದಲ್ಲಿ ಯಾರಾದರೂ ಕೈಯಾಡಿಸಿದಾಗ ಆ ಎಣಿಕೆ ಯಾರಿಗೂ ನೆನಪಿರಲಾರದು. ಅಲ್ಲಿ ಒಂದು ಕಾಗದದ ಚಿತ್ರ ಸಿಕ್ಕರೆ, ಅದರ ಬೆನ್ನ ಮೇಲೆ ಅಮ್ಮನ ಅಕ್ಷರದಲ್ಲಿ ಒಂದು ತಾರೀಖಿದ್ದರೆ, ನೋಡಿದವರು ಅದನ್ನು ದೀಪದ ಹತ್ತಿರ ಒಯ್ದು ಬಹಳ ಹೊತ್ತು ಹಿಡಿದು ಕೂರುವರು.